ಬರದ ವರ್ಷದಲ್ಲಿ ಶಾಲೆಯ ಕೈತೋಟ ಉಳಿಸಿದವರಿಗೆ ವಂದನೆಗಳು

ಶಿರಾ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ವರ್ಷ ವಾರಕ್ಕೆರಡು ದಿನ ಬಿಸಿಯೂಟದ ಸಾರಿಗೆ ಬೇಕಾದ ಸೊಪ್ಪು ಮಕ್ಕಳ ಕೈತೋಟದಿಂದಲೇ ಬಂದಿದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ, ಶಾಲೆಯ ಕೊಳವೆಬಾವಿ ಬತ್ತಿದ್ದನ್ನು ಕಂಡು, ಈ ತೋಟ ಉಳಿದೀತೆಂಬ ಭರವಸೆ ಶಿಕ್ಷಕರಾದ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದನ್ನು ಉಳಿಸಿಕೊಂಡ ಮಕ್ಕಳಿಗೂ ಅವರ ಬೆನ್ನಿಗೆ ನಿಂತ ಊರಿನವರಿಗೂ ಮುಖ್ಯ ಶಿಕ್ಷಕಿಯಾಗಿ ಈ ಬರಹದ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಮೊದಲ ವಂದನೆ ನಮ್ಮ ಅಡುಗೆ ಸಿಬ್ಬಂದಿಗೆ. ಅಕ್ಕಿ, ಬೇಳೆ ತೊಳೆದ ನೀರನ್ನು ಅವರು ಒಂದು ದಿನವೂ ಚರಂಡಿಗೆ ಚೆಲ್ಲದೆ ಡ್ರಮ್ಮಿನಲ್ಲಿ ಶೇಖರಿಸಿಟ್ಟರು. ಅನ್ನ, ಸಾರು ಗೊಬ್ಬರದ ಗುಂಡಿಗೆ ಬಿದ್ದರೆ ಇಲಿ ಹೆಗ್ಗಣಗಳು ಮುತ್ತುತ್ತವೆಂದು ತರಕಾರಿ ಸಿಪ್ಪೆಗೆ ಬೇರೆ ಬುಟ್ಟಿ ಇಟ್ಟು, ತಟ್ಟೆಯಲ್ಲಿ ಉಳಿದದ್ದನ್ನು ಹಸುಗಳಿಗೆ ಕಳಿಸಿದರು. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಮುಂದುವರಿಸಲು ಸರ್ಕಾರ ತೀರ್ಮಾನಿಸಿದ್ದರಿಂದ ಅವರು ರಜೆಯಲ್ಲೂ ಬಂದರು; ಊಟಕ್ಕೆ ಬಂದ ಮಕ್ಕಳು ಗಿಡಗಳಿಗೆ ನೀರು ಹಾಕಿ ಮನೆಗೆ ಹೋದರು. ಆ ಊಟ ನಡೆಯದೇ ಇದ್ದಿದ್ದರೆ ಮೇ ತಿಂಗಳನ್ನು ದಾಟುವ ಗಿಡ ಒಂದೂ ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇನ್ನು ಮಕ್ಕಳ ವಿಷಯ. ಐದರಿಂದ ಏಳನೇ ತರಗತಿಯವರು ಸರದಿಯ ಪಟ್ಟಿಯನ್ನು ತಾವೇ ಬರೆದುಕೊಂಡು, ಗುಂಡಿಯ ಉಸ್ತುವಾರಿಯನ್ನು ತಾವೇ ನೋಡಿಕೊಂಡರು. ಒಂದು ಪದರ ಹೊಂಗೆಯ ಒಣ ಎಲೆ, ಅದರ ಮೇಲೆ ಸಿಪ್ಪೆ, ಮೇಲಿಂದ ಸಗಣಿ ಬಗ್ಗಡ, ಮತ್ತೆ ಎಲೆ. ಹದಿನೈದು ದಿನಕ್ಕೊಮ್ಮೆ ಮಗುಚಿ ಹಾಕುವಾಗ ಒಂದು ಹಿಡಿ ತೆಗೆದು ಹಿಂಡಿ ನೋಡುತ್ತಿದ್ದರು: ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ವಾಸನೆ ಬಂದರೆ ಒಣ ಎಲೆ ಸೇರಿಸುವರು. ಬಿಸಿಲಿಗೆ ಒಣಗಿದರೆ ಕೈತೊಳೆದ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹೊದಿಸುವರು. ಗುಂಡಿಯ ನಡುವೆ ಕೈಯಿಟ್ಟರೆ ಬಿಸಿ ತಾಗುವುದೇಕೆ ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ದಿನ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸುವಾಗ ಶಾಖ ಹೊಮ್ಮುತ್ತದೆಂಬ ಪಾಠವನ್ನು ನಾನು ಕಪ್ಪುಹಲಗೆ ಬಿಟ್ಟು ಗುಂಡಿಯ ಬಳಿಯೇ ಮಾಡಿದೆ. ಮಾಗಿದ ಗೊಬ್ಬರವನ್ನು ಬುಡಕ್ಕೆ ಹಾಕಿ, ಮೇಲೆ ತರಗೆಲೆ ಮುಚ್ಚಿದ ಪಾತಿಗಳಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದನ್ನು ಮಕ್ಕಳೇ ಗಮನಿಸಿ, ಉಳಿದ ಪಾತಿಗಳಿಗೂ ಹಾಗೆಯೇ ಮಾಡಬೇಕೆಂದು ನಿರ್ಧರಿಸಿದರು. ಬದನೆ, ಬೆಂಡೆ ಒಣಗಿದವು. ನುಗ್ಗೆ, ಕರಿಬೇವು ಮತ್ತು ಎರಡು ಪಾತಿ ದಂಟು ಉಳಿದವು.

ಓದಲು ಕಳಿಸಿದ ಮಕ್ಕಳ ಕೈಯಲ್ಲಿ ಸಗಣಿ ಹಿಡಿಸುವುದೇಕೆ ಎಂದು ಕೆಲವು ಪೋಷಕರು ನನ್ನನ್ನು ನೇರವಾಗಿಯೇ ಕೇಳಿದರು. ಅವರಿಗೂ ನಾನು ಋಣಿ. ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಅದನ್ನು ಚರ್ಚಿಸಿದ ಮೇಲೆಯೇ, ತೋಟದ ಕೆಲಸ ಪಾಠದ ಅವಧಿಯನ್ನು ಕಬಳಿಸಬಾರದು, ಯಾವ ಮಗುವಿಗೂ ಅದು ಒತ್ತಾಯವಾಗಬಾರದು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈತೊಳೆಯಬೇಕು ಎಂಬ ನಿಯಮಗಳು ಬಂದವು. ಪ್ರಶ್ನೆ ಎತ್ತಿದ ತಂದೆಯೊಬ್ಬರು ಆಮೇಲೆ ತಾವೇ ಬಂದು, ಹಂದಿ ನುಗ್ಗದಂತೆ ಬೇಲಿ ಕಟ್ಟಿಕೊಟ್ಟರು.

ತಮ್ಮ ಅಡಿಕೆ ಗಿಡಗಳೇ ಒಣಗುತ್ತಿದ್ದಾಗಲೂ ವಾರಕ್ಕೊಮ್ಮೆ ಟ್ಯಾಂಕರ್ ನೀರಿನಲ್ಲಿ ನಮಗೂ ಪಾಲು ಕೊಟ್ಟ ನೆರೆಯ ರೈತರಿಗೆ, ದಿನವೂ ಒಂದು ಬುಟ್ಟಿ ಸಗಣಿ ಎತ್ತಿಟ್ಟ ಅಜ್ಜಿಗೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟಿನ ಬೀಜ ತಂದುಕೊಟ್ಟ ಹಳೆಯ ವಿದ್ಯಾರ್ಥಿಗೆ ನಮ್ಮೆಲ್ಲರ ನಮಸ್ಕಾರಗಳು. ಒಮ್ಮೆ ಕೊಯ್ದರೆ ಮತ್ತೆ ಮತ್ತೆ ಚಿಗುರುವ ಈ ತಳಿಯಿಂದಲೇ ಮಳೆ ಮರಳಿದ ಮೇಲೆ ನಮ್ಮ ಅಡುಗೆಮನೆಗೆ ಸೊಪ್ಪಿನ ಕೊರತೆ ಕಾಣಲಿಲ್ಲ.

ಏಳನೇ ತರಗತಿಯ ಮಕ್ಕಳು ಈಗ ಪ್ರೌಢಶಾಲೆಗೆ ಹೊರಟಿದ್ದಾರೆ. ಸರದಿಯ ಪಟ್ಟಿ, ಗುಂಡಿ ಮಗುಚಿದ ದಿನಾಂಕಗಳ ಪುಸ್ತಕ ಮತ್ತು ಬೂದಿ ಬೆರೆಸಿ ಕಾದಿಟ್ಟ ಬೀಜಗಳನ್ನು ಆರನೇ ತರಗತಿಯವರಿಗೆ ಒಪ್ಪಿಸಿದ್ದಾರೆ. ಬೀಜ ಬೇಕಾದ ಅಕ್ಕಪಕ್ಕದ ಶಾಲೆಯವರು ಜೂನ್ ಮೊದಲ ವಾರ ಬಂದರೆ, ಹಂಚಿಕೊಡುವವರು ಅವರೇ.