ಗೆಳೆಯನಿಗೊಂದು ಪತ್ರ: ಮೊದಲು ಗಂಟಲು, ಆಮೇಲೆ ತಂತಿ

ತುಮಕೂರು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನೀನು ಗಿಟಾರ್ ತಗೊಂಡೆ ಅಂತ ಫೋಟೋ ಕಳಿಸಿದಾಗ ನಾನು ವಸಂತನರಸಾಪುರದಲ್ಲಿ ಸೆಕೆಂಡ್ ಶಿಫ್ಟಲ್ಲಿದ್ದೆ. ಊಟದ ಹೊತ್ತಲ್ಲಿ ನೋಡಿ ಎಷ್ಟು ಖುಷಿಯಾಯ್ತು ಅಂದ್ರೆ, ಪಕ್ಕದಲ್ಲಿ ಡಬ್ಬಿ ಬಿಚ್ಚಿದ್ದವರಿಗೆಲ್ಲ ತೋರಿಸಿದೆ. ಫೋಟೋ ಕೆಳಗೆ ನೀನು ಕೇಳಿದ್ದು ಒಂದೇ ಸಾಲು: "ಕ್ಲಾಸಿಗೆ ಸೇರ್ಲಾ, ಇಲ್ಲಾ ಕೇಳ್ಕೊಂಡೇ ಕಲಿಯೋಕಾಗುತ್ತಾ?" ವಾಟ್ಸಾಪಲ್ಲಿ ಎರಡು ಮಾತು ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ. ಮೂರು ವರ್ಷದಿಂದ ನಾನು ಇದನ್ನೇ ಮಾಡ್ತಿದ್ದೀನಿ, ನಿನಗೆ ಹೇಳದೆ ಇನ್ಯಾರಿಗೆ ಹೇಳ್ಲಿ? ನಿನ್ನ ಹಾಗೇ ಕೇಳೋರು ಇನ್ನೂ ಇರ್ತಾರೆ ಅಂತ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ. ಬೇಜಾರು ಮಾಡ್ಕೋಬೇಡ.

ಆಗುತ್ತೆ ಕಣೋ. ಖಂಡಿತ ಆಗುತ್ತೆ. ಆದರೆ ಗಿಟಾರಿಂದ ಶುರು ಮಾಡಬೇಡ, ಗಂಟಲಿಂದ ಶುರು ಮಾಡು.

ನಾನು ಸೇರಿದ್ದ ಕ್ಲಾಸಲ್ಲಿ ಮೊದಲ ದಿನವೇ ಕಾರ್ಡ್ ಚಾರ್ಟ್ ಕೈಗೆ ಕೊಟ್ಟರು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳಿಗೆ ಎಲ್ಲೆಲ್ಲಿ ಬೆರಳಿಡಬೇಕು ಅಂತ ತೋರಿಸೋ ಚಿತ್ರ. ಆರು ಗೆರೆ, ಗೆರೆ ಮೇಲೆ ಕಪ್ಪು ಚುಕ್ಕೆ. ಚುಕ್ಕೆ ಇದ್ದ ಕಡೆ ಬೆರಳಿಟ್ಟೆ, ಸದ್ದು ಬಂತು. ಆರು ತಿಂಗಳಲ್ಲಿ ಹತ್ತು ಹನ್ನೆರಡು ಹಾಡು ನುಡಿಸ್ತಿದ್ದೆ, ಚಾರ್ಟ್ ಮುಚ್ಚಿಟ್ಟರೆ ಒಂದೂ ಇಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋವಾಗ ಹೋಟೆಲ್ ರೇಡಿಯೋದಲ್ಲಿ ಕೇಳಿದ ಒಂದು ಹಾಡು ದಾರಿಯುದ್ದಕ್ಕೂ ಬಾಯಲ್ಲಿ ಇರ್ತಿತ್ತು. ಮನೆಗೆ ಬಂದು ಗಿಟಾರ್ ತೊಡೆ ಮೇಲೆ ಇಟ್ಕೊಂಡ ತಕ್ಷಣ ಎಲ್ಲಿಗೆ ಬೆರಳಿಡಬೇಕು ಅನ್ನೋದೇ ತೋಚ್ತಿರಲಿಲ್ಲ. ಅಷ್ಟು ದಿನ ನನ್ನ ಬೆರಳಿಗೆ ದಾರಿ ಹೇಳ್ತಿದ್ದದ್ದು ಕಣ್ಣು. ಕಿವಿಯನ್ನ ಯಾರೂ ಒಂದು ಮಾತು ಕೇಳಿರಲಿಲ್ಲ.

ಆವಾಗ ನನಗೆ ನೆನಪಾಗಿದ್ದು ನಮ್ಮೂರ ಡ್ರಾಮ ಪ್ರಾಕ್ಟೀಸು. ಸ್ಕೂಲ್ ಜಗುಲಿ ಮೇಲೆ ಚಾಪೆ ಹಾಕ್ಕೊಂಡು ಹಾರ್ಮೋನಿಯಂ ಮೇಷ್ಟ್ರು ಕೂತಿರ್ತಿದ್ದರಲ್ಲ? ಕುರುಕ್ಷೇತ್ರ ನಾಟಕ. ನಿಮ್ಮ ತಂದೆಯವರದ್ದು ದುರ್ಯೋಧನನ ಪಾರ್ಟು. ಹಗಲೆಲ್ಲ ತೋಟದಲ್ಲಿ ಕಾಯಿ ಕೀಳಿಸಿ, ರಾತ್ರಿ ಎಂಟಕ್ಕೆ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಬರೋರು. ಮೇಷ್ಟ್ರು ಮೊದಲು ಹಾರ್ಮೋನಿಯಂನ ಒಂದೇ ಮನೆ, ಅಂದ್ರೆ ಒಂದೇ ಕೀ, ಒತ್ತಿ ಹಿಡಿಯೋರು, ತಿದಿ ಎಳೀತಾ ಎಳೀತಾ, ಎಷ್ಟೋ ಹೊತ್ತು. "ಇಲ್ಲಿ ನಿಂತ್ಕಳಪ್ಪ ಮೊದ್ಲು" ಅನ್ನೋರು. ನಿಮ್ಮ ತಂದೆಯವರು ಆ ಶ್ರುತಿಗೆ ಗಂಟಲು ಕೂಡಿಸಿದ ಮೇಲೇ ಪದದ ಮೊದಲ ಸಾಲು. ಅವರು ಒಂದು ಸಾಲು, ಇವರು ಒಂದು ಸಾಲು. ಸ್ವರ ಬರೆದ ಕಾಗದ ಅಲ್ಲಿ ಯಾರ ಹತ್ರಾನೂ ಇರಲಿಲ್ಲ. ನಾಟಕದ ದಿನ ಮೈಕಿನ ಮುಂದೆ ನಿಂತು ಅಷ್ಟೂ ಪದ ತಪ್ಪಿಲ್ಲದೆ ಹೇಳಿದರು, ಒನ್ಸ್ ಮೋರ್ ಬಿತ್ತು. ನಾವಿಬ್ಬರೂ ಪರದೆ ಪಕ್ಕದಲ್ಲೇ ಕೂತಿದ್ವಿ.

ಇದು ನಮ್ಮ ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಲಿ ಇಡೀ ನಾಡು ಸುತ್ತಿತು. ಆ ಕಂಪನಿಗಳ ಹಾಡೆಲ್ಲ ಹಳ್ಳಿ ಹಳ್ಳಿಗೆ ಬಂದಿದ್ದು ಬಾಯಿಂದ ಕಿವಿಗೆ. ಮೇಷ್ಟ್ರು ಮಾಡ್ತಿದ್ದ ಕ್ರಮವನ್ನೇ ನಾನು ಗಿಟಾರಿಗೆ ತಂದೆ, ಅಷ್ಟೆ. ಶ್ರುತಿ, ಆಮೇಲೆ ಗಂಟಲು, ಆಮೇಲೆ ತಂತಿ.

ಶ್ರುತಿ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಇಲ್ಲಿ ಅವಸರ ಮಾಡಬೇಡ. ದಪ್ಪ ತಂತಿಯಿಂದ ಸಣ್ಣ ತಂತಿಗೆ ಇ, ಎ, ಡಿ, ಜಿ, ಬಿ, ಇ. ಎಣಿಸೋದು ಮಾತ್ರ ಸಣ್ಣ ತಂತಿಯಿಂದ, ದಪ್ಪದ್ದು ಆರನೇದು. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಆರನ್ನೂ ಹಸಿರು ಮಾಡ್ಕೊಂಡು ಬಿಡೋದು ಸುಲಭ. ನೀನು ಒಂದನ್ನ ಮಾತ್ರ ಹಾಗೆ ಮಾಡು: ಐದನೇ ತಂತಿ, ಎ, 110 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 110 ಸಲ ಅದುರೋದು. ಫೋನ್ ತಿರುಗಿಸಿ ಇಡು. ಈಗ ಆರನೇ ತಂತಿಯ ಐದನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಮನೆ) ಒತ್ತು, ಪಕ್ಕದ ಐದನೇ ತಂತಿ ಖಾಲಿ ಬಿಟ್ಟು ಎರಡನ್ನೂ ಒಟ್ಟಿಗೆ ಮೀಟು. ಎರಡೂ ಒಂದೇ ಆಗಬೇಕು. ಆಗಿಲ್ಲ ಅಂದ್ರೆ ಸದ್ದಿನೊಳಗೆ ಒಂದು ಅಲೆ ಕೇಳಿಸುತ್ತೆ, ವಾಂವ್ ವಾಂವ್ ವಾಂವ್ ಅಂತ. ಒಂದು 110, ಇನ್ನೊಂದು 108 ಇದ್ದರೆ ಸೆಕೆಂಡಿಗೆ ಎರಡು ಅಲೆ. ಬಿರಡೆ ತಿರುಗಿಸ್ತಾ ಹೋದ ಹಾಗೆ ಅಲೆ ನಿಧಾನ ಆಗುತ್ತೆ, ಇನ್ನೂ ನಿಧಾನ ಆಗುತ್ತೆ, ಆಮೇಲೆ ಕೆರೆ ನೀರು ನಿಂತ ಹಾಗೆ ನಿಂತುಬಿಡುತ್ತೆ. ಮಿಕ್ಕ ತಂತಿಗಳಿಗೂ ಇದೇ ಐದನೇ ಫ್ರೆಟ್ಟು, ಜಿ ತಂತಿಯಿಂದ ಬಿ ಕೂಡಿಸೋವಾಗ ಮಾತ್ರ ನಾಲ್ಕನೇದು. ಮೊದಲ ವಾರ ನನಗೆ ಇಪ್ಪತ್ತು ನಿಮಿಷ ಹಿಡೀತಿತ್ತು. ಆ ಇಪ್ಪತ್ತು ನಿಮಿಷವೇ ನನ್ನ ಅತಿ ಒಳ್ಳೆ ಪಾಠ ಆಗಿತ್ತು.

ಆ ಅಲೆ ಒಮ್ಮೆ ಕೇಳಿಸೋಕೆ ಶುರುವಾದ ಮೇಲೆ ಎಲ್ಲ ಕಡೆ ಕೇಳಿಸುತ್ತೆ. ನಮ್ಮ ಮನೆ ಮುಂದಿನ ಕಂಬದಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಗುಂಯ್ ಅಂತಲೇ ಇರುತ್ತಲ್ಲ, ಒಂದು ರಾತ್ರಿ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿದಾಗ ಅದರ ಜೊತೆ ಅಲೆ ಹೊಡೀತು. ಲೆಕ್ಕ ಹಾಕಿ ನೋಡಿದೆ. ಆ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್, ಒಂದೊಂದು ಆವರ್ತಕ್ಕೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಎರಡು ಸಲ ಅದುರುತ್ತೆ, ಅಂದ್ರೆ ಅದರ ಗುಂಯ್ 100. ಸೆಕೆಂಡಿಗೆ ಎರಡು ಅಲೆ, ಸರಿಯಾಗಿ. ಹುಟ್ಟಿದಾಗಿಂದ ಕೇಳ್ತಿದ್ದ ಸದ್ದಿಗೆ ಅವತ್ತು ಒಂದು ಹೆಸರು ಸಿಕ್ತು. ಗಿಟಾರ್ ಕೆಳಗಿಟ್ಟು ಬಾಗಿಲು ತೆಗೆದು ಆಚೆ ಹೋಗಿ ಆ ಕಂಬದ ಕೆಳಗೆ ನಿಂತಿದ್ದೆ.

ಇನ್ನು ಹಾಡು. ಒಂದು ಹಾಡು ತಗೋ, ಚೆನ್ನಾಗಿ ಬಾಯಿಗೆ ಬರೋದು. ಪೂರ್ತಿ ಹಾಡಿ ಮುಗಿಸು. ಎಲ್ಲಿ ಬಂದು ಕೂತ್ಕೊಂಡಾಗ ಹಾಡು ಮನೆ ಸೇರಿತು ಅನ್ಸುತ್ತೋ ಅದು ಷಡ್ಜ, ಅಂದ್ರೆ ಸ. ಆ ಸ್ವರವನ್ನ ಗಂಟಲಲ್ಲಿ ಹಿಡ್ಕೊಂಡೇ ಇರು, ಬಿಡಬೇಡ, ಒಂದು ತಂತಿ ಮೇಲೆ ಕೆಳಗಿಂದ ಮೇಲಕ್ಕೆ ಒಂದೊಂದೇ ಫ್ರೆಟ್ ಮೀಟ್ತಾ ಹೋಗು. ಕೂಡಿದಾಗ ಎದೆಗೆ ಗೊತ್ತಾಗುತ್ತೆ, ಗಿಟಾರಿನ ಡಬ್ಬ ಎದೆಗೇ ಒತ್ತಿರುತ್ತಲ್ಲ. ಒಂದು ಎಚ್ಚರಿಕೆ: ಪಂಚಮ, ಅಂದ್ರೆ ಪ, ಮೋಸ ಮಾಡುತ್ತೆ. ಷಡ್ಜಕ್ಕೂ ಪಂಚಮಕ್ಕೂ ಎಷ್ಟು ನಂಟು ಅಂದ್ರೆ ಮೊದಮೊದಲು ಅದೇ ಇದು ಅನ್ಸುತ್ತೆ. ನಾನು ಒಂದು ಹಾಡನ್ನ ಮೂರು ದಿನ ಪಂಚಮದ ಮೇಲೆ ನಿಲ್ಲಿಸಿ ನುಡಿಸಿದ್ದೆ, ಎಲ್ಲ ಸರಿ ಇದ್ದೂ ಏನೋ ಬಾಕಿ ಉಳಿದ ಹಾಗೆ ಇರ್ತಿತ್ತು. ಆ ಬಾಕಿ ಉಳಿದ ಭಾವನೆಯನ್ನ ನಂಬು. ಅದೇ ನಿನ್ನ ಕಿವಿ.

ಷಡ್ಜ ಸಿಕ್ಕ ಮೇಲೆ ಒಂದು ತಿಂಗಳು ಒಂದೇ ತಂತಿ ಮೇಲೆ ನುಡಿಸು. ಜನ ಇದನ್ನ ಮಾಡಲ್ಲ, ನಿಧಾನ ಅಂತ ಬಿಟ್ಟುಬಿಡ್ತಾರೆ. ಆದರೆ ಒಂದೇ ತಂತಿ ಮೇಲೆ ಸ್ವರಗಳ ನಡುವಿನ ದೂರ ಕಣ್ಣಿಗೂ ಬೆರಳಿಗೂ ಒಟ್ಟಿಗೆ ಸಿಗುತ್ತೆ. ಖಾಲಿ ತಂತಿ ಸ ಆದರೆ ಎರಡನೇ ಫ್ರೆಟ್ಟಲ್ಲಿ ರಿ, ನಾಲ್ಕರಲ್ಲಿ ಗ, ಐದರಲ್ಲಿ ಮ, ಏಳರಲ್ಲಿ ಪ, ಒಂಬತ್ತರಲ್ಲಿ ದ, ಹನ್ನೊಂದರಲ್ಲಿ ನಿ, ಹನ್ನೆರಡರಲ್ಲಿ ಮೇಲಿನ ಸ. ಇದು ಶಂಕರಾಭರಣ ರಾಗ, ಪಾಶ್ಚಾತ್ಯ ಸಂಗೀತದವರು ಮೇಜರ್ ಸ್ಕೇಲ್ ಅನ್ನೋದೂ ಇದೇ. ಮ ಮತ್ತು ನಿ ಬಿಟ್ಟುಬಿಡು, ಮೋಹನ ರಾಗ ಬಂತು. ಏನೂ ಬಿಡದೆ ಶಂಕರಾಭರಣದ ರಿಯನ್ನೂ ದವನ್ನೂ ಒಂದೊಂದು ಫ್ರೆಟ್ ಕೆಳಗಿಳಿಸು, ನಾವು ಚಿಕ್ಕವರಿದ್ದಾಗ ಬೀದಿ ಕೊನೆಯ ಸಂಗೀತದ ಮನೆಯಿಂದ ಬೆಳಿಗ್ಗೆ ಬೆಳಿಗ್ಗೆ ಕೇಳಿಸ್ತಿದ್ದ ಸರಳೆ ವರಸೆಯ ಮಾಯಾಮಾಳವಗೌಳ. ಹನ್ನೆರಡನೇ ಫ್ರೆಟ್ ಎಲ್ಲಿದೆ ಅಂತ ಒಂದು ದಾರ ಹಿಡಿದು ಅಳೆದು ನೋಡು. ತಂತಿಯ ಸರಿಯಾಗಿ ಅರ್ಧ. ಅರ್ಧ ಮಾಡಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಹುಟ್ಟುತ್ತೆ, ನನಗೆ ಇವತ್ತಿಗೂ ಇದು ದೊಡ್ಡ ಆಶ್ಚರ್ಯ.

ಕಾರ್ಡ್ ಬಗ್ಗೆ ಇಷ್ಟು ಸಾಕು. ಕಾರ್ಡ್ ಅಂದ್ರೆ ಸ, ಗ, ಪ ಒಟ್ಟಿಗೆ. ಇ ಮೇಜರ್ ಹಿಡಿ. ಮೂರನೇ ತಂತಿಯ ಮೊದಲನೇ ಫ್ರೆಟ್ ಮೇಲೆ ತೋರುಬೆರಳು ಇರುತ್ತೆ. ಮೀಟಿ, ಸದ್ದು ಇರೋವಾಗಲೇ ಆ ಒಂದು ಬೆರಳು ಎತ್ತಿ ಮತ್ತೆ ಮೀಟು. ಇ ಮೈನರ್ ಆಯ್ತು. ಅಂತರ ಗಾಂಧಾರ (ಮೇಲಿನ ಗ) ಸಾಧಾರಣ ಗಾಂಧಾರ (ಒಂದು ಫ್ರೆಟ್ ಕೆಳಗಿನ ಗ) ಆಯ್ತು, ಬೇರೇನೂ ಬದಲಾಗಿಲ್ಲ. ಆದರೆ ಬಿಸಿಲಿದ್ದ ಅಂಗಳಕ್ಕೆ ಮೋಡ ಬಂದ ಹಾಗಿರುತ್ತೆ. ಕಣ್ಣು ಮುಚ್ಚಿ ಐವತ್ತು ಸಲ ಮಾಡು. ಸಿನಿಮಾ ಹಾಡು ಕೇಳೋವಾಗ ಕೆಳಗಿನ ದಪ್ಪ ಸ್ವರ ಯಾವಾಗ ಬದಲಾಗುತ್ತೆ ಅಂತ ಮಾತ್ರ ಗಮನಿಸು, ಕಾರ್ಡ್ ಬದಲಾಗೋದು ಹೆಚ್ಚಾಗಿ ಅಲ್ಲೇ. ಷಡ್ಜದ ಕಾರ್ಡ್, ಮಧ್ಯಮದ ಕಾರ್ಡ್, ಪಂಚಮದ ಕಾರ್ಡ್, ಈ ಮೂರರಲ್ಲೇ ಎಷ್ಟೋ ಹಾಡು ನಡೆಯುತ್ತೆ. ಕಷ್ಟದ ಜಾಗ ಬಂದ್ರೆ ಫೋನಲ್ಲಿ ವೇಗ ಅರ್ಧ ಮಾಡ್ಕೋ, ಶ್ರುತಿ ಇಳಿಯಲ್ಲ. ನಾಲ್ಕು ಸೆಕೆಂಡಿನ ತುಣುಕನ್ನ ಮೊದಲು ಹಾಡು, ಹಾಡೋಕೆ ಬಂದ ಮೇಲೇ ನುಡಿಸು.

ವೆಸ್ ಮಾಂಟ್ಗೊಮೆರಿ ಅಂತ ಒಬ್ಬರಿದ್ದರು, ಅಮೆರಿಕದ ಇಂಡಿಯಾನಾಪೊಲಿಸ್‌ನವರು, 1923ರಲ್ಲಿ ಹುಟ್ಟಿದವರು. ಜಾಜ್ ಗಿಟಾರಲ್ಲಿ ಬಹಳ ದೊಡ್ಡ ಹೆಸರು. ಅವರಿಗೆ ನೊಟೇಶನ್ ಓದೋಕೆ ಬರ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್ ಅನ್ನೋ ಇನ್ನೊಬ್ಬ ಜಾಜ್ ಗಿಟಾರ್ ವಾದಕರ ರೆಕಾರ್ಡ್ ಹಾಕ್ಕೊಂಡು, ಸ್ವರ ಸ್ವರ ಕೇಳಿ ಕಲಿತವರು. ಹಗಲು ಕಾರ್ಖಾನೆ ಕೆಲಸ. ರಾತ್ರಿ ಮನೆಯವರಿಗೂ ಅಕ್ಕಪಕ್ಕದವರಿಗೂ ತೊಂದರೆ ಆಗಬಾರದು ಅಂತ ಪಿಕ್ (ತಂತಿ ಮೀಟೋ ಬಿಲ್ಲೆ) ಬಿಟ್ಟು ಹೆಬ್ಬೆರಳಲ್ಲಿ ಮೆಲ್ಲಗೆ ನುಡಿಸ್ತಿದ್ದರು, ಕೊನೆಗೆ ಅದೇ ಅವರ ನಾದ ಆಯ್ತು. ಶಿಫ್ಟ್ ಮುಗಿಸಿ ಹನ್ನೊಂದೂವರೆಗೆ ಮನೆಗೆ ಬಂದು ಹೆಬ್ಬೆರಳಲ್ಲಿ ತಂತಿ ಮುಟ್ಟೋವಾಗ ನನಗೆ ಅವರು ಪಕ್ಕದಲ್ಲೇ ಇದ್ದ ಹಾಗಿರುತ್ತೆ.

ಈಗ ಅಮ್ಮನ ವಿಷಯ. ಈ ಕಾಗದ ಬರೆಯೋಕೆ ಕೂತಿದ್ದೇ ಅದಕ್ಕೆ.

ಕಳೆದ ಅವರೆಕಾಯಿ ಕಾಲದಲ್ಲಿ ಅಮ್ಮ ಮೊರ ಮುಂದಿಟ್ಕೊಂಡು ಕಾಳು ಹಿತುಕ್ತಾ ಸೋಬಾನೆ ಪದ ಹೇಳ್ತಿದ್ದಳು. ನಿನಗೂ ಗೊತ್ತಲ್ಲ, ನಮ್ಮಕ್ಕನ ಮದುವೆ ಚಪ್ಪರದಲ್ಲಿ ಹೇಳಿದ್ದಳಲ್ಲ, ಅದೇ. ನಾಲ್ಕೈದು ಸ್ವರದೊಳಗೇ ಸುತ್ತೋ ಪದ, ಇದಕ್ಕಿಂತ ಸುಲಭ ಯಾವುದಿದೆ ಅಂತ ಗಿಟಾರ್ ತಗೊಂಡೆ. ಅವಳ ಷಡ್ಜ ಹುಡುಕಿದೆ. ಜಿ ಒತ್ತಿದರೆ ಅವಳು ಸ್ವಲ್ಪ ಮೇಲೆ. ಮುಂದಿನ ಫ್ರೆಟ್ ಒತ್ತಿದರೆ ಅವಳು ಕೆಳಗೆ. ಎರಡು ಫ್ರೆಟ್ಟಿನ ನಡುವೆ ಕೂತಿದ್ದಳು. "ಅಮ್ಮ, ಒಂಚೂರು ಇಳಿಸ್ಕೊಂಡು ಹೇಳು" ಅಂದೆ. ಇಳಿಸಿದಳು, ಎರಡನೇ ಸಾಲಿಗೆ ಮತ್ತೆ ಅಲ್ಲಿಗೇ ಹೋದಳು. ಮಾರನೇ ದಿನ ಕೇಳಿದೆ, ವಾರ ಬಿಟ್ಟು ಕೇಳಿದೆ. ಹೆಚ್ಚುಕಮ್ಮಿ ಅದೇ ಜಾಗ.

ಅವಳನ್ನ ಗಿಟಾರಿಗೆ ಎಳೆಯೋದು ತಪ್ಪು ಅಂತ ಆಮೇಲೆ ಹೊಳೀತು. ಆರನೇ ತಂತಿಯನ್ನ ಇ ಯಿಂದ ಡಿ ಗೆ ಇಳಿಸಿದೆ. ಆಗ ಕೆಳಗಿನ ಮೂರು ತಂತಿ ಡಿ, ಎ, ಡಿ, ಅಂದ್ರೆ ಸ ಪ ಸ, ತಂಬೂರಿ ಹಾಗೆ. ಐದನೇ ಫ್ರೆಟ್ಟಿಗೆ ಕ್ಯಾಪೊ, ಅಂದ್ರೆ ಆರೂ ತಂತಿಯನ್ನ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್, ಹಾಕಿದರೆ ಆ ಸ ಜಿ ಆಗುತ್ತೆ. ಅಲ್ಲಿಂದ ಆರೂ ತಂತಿಯನ್ನ ಅಮ್ಮನ ಗಂಟಲಿಗೆ ಅಲೆ ನಿಲ್ಲೋವರೆಗೂ ಚೂರುಚೂರೇ ಏರಿಸಿದೆ. ಏರಿಸ್ತಾ ಏರಿಸ್ತಾ ಆರನೇ ತಂತಿ ಆಚೆಯ ಗುಂಯ್ ಜೊತೆ ಕೂಡಿಬಿಡ್ತು ಕಣೋ. ಅದು 100, ಅಮ್ಮ ಅದರ ಮೇಲಿನ ಸ್ಥಾಯಿ, 200ರ ಹತ್ರ. ಮೂವತ್ತು ವರ್ಷದಿಂದ ಅಮ್ಮ ಆ ಕಂಬದ ಎದುರು ಮನೆಯಲ್ಲಿ ಅಡುಗೆ ಮಾಡ್ತಾ, ಪಾತ್ರೆ ತೊಳೀತಾ ಹಾಡ್ಕೊಂಡಿದ್ದಾಳೆ.

ಮೊದಲು ಕಾರ್ಡ್ ಹಾಕಿ ನೋಡಿದೆ. ಅಮ್ಮ ಕೈ ನಿಲ್ಲಿಸಿ, "ಪದಕ್ಕೆ ಅಷ್ಟೊಂದು ಸದ್ದು ಯಾಕಪ್ಪ?" ಅಂದಳು. ಅವಳ ಮಾತು ಸರಿ ಇತ್ತು. ಸ ಪ ಸ ಮಾತ್ರ ಮೀಟ್ತಾ, ನಾಲ್ಕನೇ ತಂತಿ ಮೇಲೆ ಅವಳ ಹಿಂದೆ ಹೋದೆ. ಅವಳ ಗಾಂಧಾರ ಸಾಧಾರಣವೂ ಅಲ್ಲ ಅಂತರವೂ ಅಲ್ಲ, ನಡುವೆ ಎಲ್ಲೋ ಒಂದು ಸಣ್ಣ ಬಳುಕು. ಕೆಳಗಿನ ಫ್ರೆಟ್ ಒತ್ತಿ ತಂತಿಯನ್ನ ಬೆರಳಲ್ಲಿ ಅಡ್ಡಕ್ಕೆ ಎಳೆದೆ. ಸಾಲಲಿಲ್ಲ. ಇನ್ನೊಂಚೂರು ಎಳೆದೆ. ತುದಿಬೆರಳು ಉರೀತಿತ್ತು. "ಹಾಂ, ಅಲ್ಲೇ" ಅಂದಳು ಅಮ್ಮ, ಕಾಳು ಹಿತುಕ್ತಾ, ತಲೆ ಎತ್ತದೆ. ಅವಳಿಗೆ ಗಾಂಧಾರ ಅನ್ನೋ ಮಾತು ಗೊತ್ತಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯ್ತು. ಫ್ಯಾನ್ ನಿಂತಿತು, ಆಚೆ ಗುಂಯ್ ಕೂಡ ನಿಂತಿತು. ಬೀದಿ ಪೂರ್ತಿ ಅಷ್ಟು ನಿಶ್ಶಬ್ದ ನಾನು ಯಾವತ್ತೂ ಕೇಳಿರಲಿಲ್ಲ. ಅಮ್ಮ ಒಂದು ಉಸಿರು ಬಿಟ್ಟು, ಕತ್ತಲಲ್ಲೇ ಮುಂದಿನ ನುಡಿ ಎತ್ತಿದಳು. ನಾನು ನಾಲ್ಕನೇ ತಂತಿ ಮುಟ್ಟಿದೆ. ಒಂದು ಅಲೆಯೂ ಇರಲಿಲ್ಲ.

ಯುಗಾದಿಗೆ ಗಿಟಾರ್ ತಗೊಂಡೇ ಬಾ. ಬರೋಕೆ ಮುಂಚೆ ಒಂದು ಕೆಲಸ ಮಾಡು. ನಿಮ್ಮ ತಂದೆಯವರಿಗೆ ಫೋನ್ ಮಾಡಿ, ದುರ್ಯೋಧನನ ಆ ಮೊದಲ ಪದ ಹೇಳಿಸಿ ರೆಕಾರ್ಡ್ ಮಾಡ್ಕೋ. ಈಗ ಗಂಟಲು ಒಡೆದಿರಬಹುದು, ಪರವಾಗಿಲ್ಲ ಅನ್ನು. ಅವರ ಷಡ್ಜ ಎಲ್ಲಿದೆ ಅಂತ ನೀನೇ ಹುಡುಕಿ, ನಿನ್ನ ಆರೂ ತಂತಿ ಅಲ್ಲಿಗೆ ಕೂಡಿಸ್ಕೊಂಡು ಬಾ. ನಾನು ಆ್ಯಪ್ ತೆಗೆಯಲ್ಲ, ನೀನೂ ತೆಗೀಬೇಡ.

ಅಮ್ಮ ನಿನ್ನ ಕೇಳ್ತಿದ್ದಳು. ಒಬ್ಬಟ್ಟಿಗೆ ಬೇಳೆ ಜಾಸ್ತಿ ಹಾಕ್ತೀನಿ ಅಂದಿದ್ದಾಳೆ.

ನಿನ್ನ,
ಕಂಬದ ಮನೆ ಗೆಳೆಯ