ಚಿತ್ರದ ಕೆಳಗೆ ಎರಡು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಹೋದ ತಿಂಗಳು ನಮ್ಮ ಅಕ್ಕನ ಮಗಳ ಚಿತ್ರ ಬಂತು. ಎಂಟನೇ ಕ್ಲಾಸಿನ ಹುಡುಗಿ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಗುಡಿಸಲು, ಬಗ್ಗಿದ ಒಂದು ತೆಂಗಿನ ಮರ. ಮನೆಯಲ್ಲಿ ಹಬ್ಬವೋ ಹಬ್ಬ. ಅಕ್ಕ ಪೇಪರ್ ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ಟಿವಿ ಪಕ್ಕ ಇಟ್ಟಿದ್ದಾಳೆ. ಬಂದವರೆಲ್ಲ ಸೂಪರ್ ಅಂದರು, ನಾನೂ ಅಂದೆ. ಸಂಜೆ ಹುಡುಗಿ ನನ್ನ ಹತ್ತಿರ ಬಂದು, "ಮಾವ, ಸೂಪರ್ ಅಂತ ಎಲ್ಲರೂ ಹೇಳ್ತಾರೆ. ನೀನು ಚಿತ್ರ ಬರೆಯೋನಲ್ವಾ, ಏನು ಸರಿಯಿಲ್ಲ ಅಂತ ಹೇಳು" ಅಂದಳು. ನನಗೆ ನಾಚಿಕೆಯಾಯಿತು. ಈ ಪತ್ರ ಅದಕ್ಕೇ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಊರು ತಿಪಟೂರು ತಾಲ್ಲೂಕು, ಹೊಟ್ಟೆಪಾಡು ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. 11 ವರ್ಷದಿಂದ ಕಂಪ್ಯೂಟರಿನಲ್ಲಿ ಕೋರೆಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಮುಂದೆ ಕೂತಿದ್ದೇನೆ. ಹುಟ್ಟುಹಬ್ಬ, ಗೃಹಪ್ರವೇಶ, ಜಾತ್ರೆ, ಭಾವಪೂರ್ಣ ಶ್ರದ್ಧಾಂಜಲಿ, ಎಲೆಕ್ಷನ್. ನಮ್ಮ ಕೆಲಸದಲ್ಲಿ ಚಿತ್ರ ಬರೆಯುವುದು ಇಲ್ಲವೇ ಇಲ್ಲ, ಕತ್ತರಿಸಿ ಅಂಟಿಸುವುದು ಅಷ್ಟೇ. ದೊಡ್ಡ ಮುಖಂಡರ ತಲೆ ದೊಡ್ಡದು, ಮರಿ ಮುಖಂಡರದು ಚಿಕ್ಕದು, ಕೆಳಗೆ ಸಾಲಾಗಿ ಹುಡುಗರು, ಪಾಸ್‌ಪೋರ್ಟ್ ಸೈಜಲ್ಲಿ. ಒಬ್ಬರ ತಲೆ ಪಕ್ಕದವರಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕಂಡರೂ ರಾತ್ರಿ 11ಕ್ಕೆ ಫೋನ್ ಬರುತ್ತದೆ.

ನನ್ನ ಇಷ್ಟದ ಕೆಲಸ ಶುರುವಾಗುವುದು ರಾತ್ರಿ ಊಟ ಆದ ಮೇಲೆ. ಚಿತ್ರ ಬರೆಯುವವರ ಒಂದು ಆನ್‌ಲೈನ್ ಗುಂಪಿನಲ್ಲಿ 7 ವರ್ಷದಿಂದ ಇದ್ದೇನೆ. ದೇಶ ದೇಶದವರಿದ್ದಾರೆ. ಅಲ್ಲಿ ಜಾಸ್ತಿ ನಡೆಯುವುದು ಕ್ಯಾರೆಕ್ಟರ್ ಡಿಸೈನ್, ಅಂದರೆ ಸ್ವಂತ ಪಾತ್ರ ಹುಟ್ಟಿಸುವುದು. ಇಂಥ ಪಾತ್ರಕ್ಕೆ ಅಲ್ಲಿ 'ಓಸಿ' ಅಂತಾರೆ, ಒರಿಜಿನಲ್ ಕ್ಯಾರೆಕ್ಟರ್ ಅನ್ನುವುದರ ಮೊಟಕು ರೂಪ. ಒಂದು ಪಾತ್ರಕ್ಕೆ ಒಂದು ಚಿತ್ರ ಸಾಲದು. ಮುಂದಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಬರೆಯಬೇಕು, ಅದು ಟರ್ನರೌಂಡ್. ಸಿಟ್ಟು, ನಗು, ಗಾಬರಿ, ತೂಕಡಿಕೆಗೆ ಇನ್ನೊಂದು ಹಾಳೆ. ಎಲ್ಲದರಲ್ಲೂ ಅದೇ ಆಸಾಮಿ ಅನ್ನಿಸಬೇಕು. ಬಾಯಲ್ಲಿ ಹೇಳುವುದು ಸುಲಭ. ಮುಂದಿನಿಂದ ಚೆಂದ ಕಂಡ ಜುಟ್ಟನ್ನು ಪಕ್ಕದಿಂದ ಬರೆಯಲು ಕೂತರೆ ಅದು ತಲೆಯ ಯಾವ ಭಾಗದಿಂದ ಹುಟ್ಟಿದೆ ಅಂತ ಬರೆದವನಿಗೇ ಗೊತ್ತಾಗುವುದಿಲ್ಲ.

ನನ್ನ ಪಾತ್ರದ ಹೆಸರು ಗಿಟುಕ. ತಿಪಟೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ 10-11 ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ನಿಧಾನಕ್ಕೆ ಕರಟ ಬಿಟ್ಟುಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ, ಗಿಟುಕು. ಚಿಕ್ಕಂದಿನಲ್ಲಿ ರಾತ್ರಿ ಇಲಿ ಓಡಾಡಿ ಅಟ್ಟದಲ್ಲಿ ಕಾಯಿ ಉರುಳಿದರೆ ನಮ್ಮಜ್ಜಿ "ಗಿಟುಕ ಎದ್ದ ಕಣೋ, ಸುಮ್ನೆ ಮಲಕ್ಕೋ" ಅಂತ ಹೆದರಿಸುತ್ತಿದ್ದಳು. ಆ ಗಿಟುಕನಿಗೆ ಒಂದು ಮೈ ಕೊಡಬೇಕು ಅಂತ ನನಗೆ ಆಸೆ.

ಮೊದಲ ಸಲ ಬರೆದಾಗ ಗುಂಡಗಿನ ಮೈ, ಎರಡು ದೊಡ್ಡ ಕಣ್ಣು, ಎರಡು ಕಾಲು, ಕೈಯಲ್ಲಿ ಕತ್ತಿ. ಕತ್ತಿ ಯಾಕೆ ಅಂತ ಕೇಳಬೇಡಿ, ಹೀರೋ ಅಂದ ಮೇಲೆ ಕತ್ತಿ ಇರಬೇಕು ಅಂದುಕೊಂಡಿದ್ದೆ. ಇಲ್ಲಿನ ಸ್ನೇಹಿತರಿಗೆ ವಾಟ್ಸಾಪಲ್ಲಿ ಕಳಿಸಿದೆ. ಸೂಪರ್ ಗುರು, ಬೆಂಕಿ, ಕೈ ಮುಗಿದ ಚಿತ್ರ, ಹೂವು. ಆಮೇಲೆ ಆನ್‌ಲೈನ್ ಗುಂಪಿಗೆ ಹಾಕಿ, ಕೆಳಗೆ 'ತಿದ್ದಬಹುದು' ಅಂತ ಬರೆದೆ. ಅಲ್ಲಿ ಅದು ನಿಯಮ. ಹಾಕಿದವರು ಕೇಳದೆ ಇದ್ದರೆ ಯಾರೂ ತಪ್ಪು ತೆಗೆಯುವ ಹಾಗಿಲ್ಲ, ಕೇಳಿದರೆ ಮಾತ್ರ ಬಿಡುವುದಿಲ್ಲ.

ಫಿಲಿಪ್ಪೀನ್ಸಿನ ಒಬ್ಬ ಹುಡುಗ, 16 ವರ್ಷ ಅಂತೆ, ಒಂದೇ ಸಾಲು ಬರೆದ. ಇದಕ್ಕೆ ಪೂರ್ತಿ ಕಪ್ಪು ಬಣ್ಣ ತುಂಬಿ, ಆಮೇಲೆ ಇವನು ಯಾರು ಅಂತ ನೀವೇ ಹೇಳಿ ಅಂತ. ತುಂಬಿದೆ. ಕೋಲು ಹಿಡಿದ ಫುಟ್‌ಬಾಲು! ಕಣ್ಣು, ನಾರು, ಬಣ್ಣ ಎಲ್ಲ ಹೋದ ಮೇಲೆ ಗಿಟುಕ ಅಲ್ಲಿರಲೇ ಇಲ್ಲ. ನನಗೆ ಎಂಥ ಸಿಟ್ಟು ಬಂತು ಅಂದರೆ, ನನ್ನ ಅರ್ಧ ವಯಸ್ಸಿನವನು ಇವನು ನನಗೆ ಹೇಳೋಕೆ ಬಂದ ಅಂತ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ನೋಡಿದರೆ ಆ ಪುಣ್ಯಾತ್ಮ ನನ್ನ ಚಿತ್ರದ ಮೇಲೆ ಕೆಂಪು ಗೆರೆಯಲ್ಲಿ ಇನ್ನೊಂದು ಚಿತ್ರ ಬರೆದಿಟ್ಟಿದ್ದ. ರೆಡ್‌ಲೈನ್ ಅಂತಾರೆ ಇದಕ್ಕೆ. ಬೆನ್ನು ಬಗ್ಗಿಸಿದ್ದ, ಕುತ್ತಿಗೆ ಮುಂದೆ ಚಾಚಿದ್ದ, ತಲೆ ಮೇಲೆ ನಾರಿನ ಜುಟ್ಟು ಇಟ್ಟಿದ್ದ. ಕತ್ತಿ ಇಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ: ಇವನು ವರ್ಷಪೂರ್ತಿ ಅಟ್ಟದಲ್ಲಿ ಇರುವವನಲ್ಲವಾ, ನೆಟ್ಟಗೆ ಹೇಗೆ ನಿಲ್ಲುತ್ತಾನೆ?

ನಮ್ಮ ಮನೆ ಅಟ್ಟದಲ್ಲಿ ಬಗ್ಗಿ ಬಗ್ಗಿ ಓಡಾಡಿ ಬೆನ್ನು ನೋಯಿಸಿಕೊಂಡವನು ನಾನು. ಅದು ನನಗೆ ಹೊಳೆಯಲಿಲ್ಲ, ಸಮುದ್ರದಾಚೆಯ ಹುಡುಗನಿಗೆ ಹೊಳೆಯಿತು.

ಆಮೇಲೆ ನಾವಿಬ್ಬರೂ ಕೊಬ್ಬರಿ ಬಗ್ಗೆಯೇ ವಾರಗಟ್ಟಲೆ ಮಾತಾಡಿದೆವು, ನನ್ನದು ಹರಕು ಮುರುಕು ಇಂಗ್ಲಿಷು, ಅವನದೂ ಹೆಚ್ಚು ಕಡಿಮೆ ಹಾಗೇ. ಅವರ ಕಡೆ ಕಾಯಿ ಹೋಳು ಮಾಡಿ ಬಿಸಿಲಿಗೋ ಹೊಗೆಗೋ ಹಾಕಿ ಒಣಗಿಸುತ್ತಾರೆ. ಇಡೀ ಕಾಯಿ ಒಡೆಯದೆ ಒಳಗೇ ಒಣಗುತ್ತದೆ ಅಂದಾಗ ಅವನು ನಂಬಲಿಲ್ಲ. ಅಲ್ಲಾಡಿಸಿ ಶಬ್ದ ರೆಕಾರ್ಡ್ ಮಾಡಿ ಕಳಿಸಿದೆ. ಹಾಗಾದರೆ ಇವನು ನಡೆದರೆ ಶಬ್ದ ಬರಬೇಕು, ಕದ್ದು ಓಡಾಡಲು ಆಗಬಾರದು, ಅದೇ ಇವನ ಕಷ್ಟ ಅಂತ ಅವನೇ ಹೇಳಿದ. ಪಾತ್ರಕ್ಕೆ ಜೀವ ಬಂದದ್ದು ಅಲ್ಲಿ. 23 ಸಲ ಬರೆದೆ, ಎರಡು ತಿಂಗಳು ಹಿಡಿಯಿತು. ಈಗ ಪೂರ್ತಿ ಕಪ್ಪು ತುಂಬಿದರೂ ಗಿಟುಕ ಗಿಟುಕನೇ.

ತುಮಕೂರಿನವರಿಗೆ ಇಷ್ಟು ಹೇಳಿದರೆ ಕೈದಾಳ ನೆನಪಾಗಬೇಕು. ಶಿಲ್ಪಿ ಜಕಣಾಚಾರಿಯ ಊರು ಅಂತಾರೆ, ಗೂಳೂರು ಪಕ್ಕದಲ್ಲೇ ಇದೆ, ಎಷ್ಟು ಸಲ ಹೋಗಿದ್ದೇವೆ. ಬೇಲೂರಲ್ಲಿ ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಅಂದ ಕತೆ. ಮೈತುಂಬ ಗಂಧ ಹಚ್ಚಿದರು, ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿಯಿತು, ಒಡೆದರೆ ಒಳಗೆ ನೀರು, ಕಪ್ಪೆ. ಕತೆ ನಿಜವೋ ಕಟ್ಟಿದ್ದೋ ಪಂಡಿತರು ಜಗಳ ಆಡಲಿ. ಎಲ್ಲರೂ ಆ ಕತೆಯಲ್ಲಿ ಜಕಣಾಚಾರಿ ಸೋತು ಕತ್ತರಿಸಿಕೊಂಡ ಕೈ ಹಿಡಿದುಕೊಂಡು ಕೂರುತ್ತಾರೆ, ಆ ಹುಡುಗ ಡಂಕಣ ಅವನ ಮಗನೇ ಅಂತ ಕಣ್ಣೀರು ಹಾಕುತ್ತಾರೆ. ನನಗೆ ಇಷ್ಟವಾಗುವುದು ಆ ಗಂಧ. ಹುಡುಗ ಸುಮ್ನೆ 'ಚೆನ್ನಾಗಿಲ್ಲ' ಅನ್ನಲಿಲ್ಲ ನೋಡಿ, ಎಲ್ಲಿ ಅಂತ ಎಲ್ಲರ ಕಣ್ಣಿಗೂ ಕಾಣುವ ಹಾಗೆ ತೋರಿಸಿದ. ನನ್ನ ಫಿಲಿಪ್ಪೀನ್ಸ್ ಹುಡುಗನ ಕಪ್ಪು ಬಣ್ಣವೂ ಅದೇ ಗಂಧ.

ಇನ್ನೊಂದು ವಿಷಯ. ಅಲ್ಲಿ ಎಲ್ಲರೂ ಎತ್ತರವನ್ನು ತಲೆ ಲೆಕ್ಕದಲ್ಲಿ ಹೇಳುತ್ತಾರೆ. ದೊಡ್ಡವರು ಏಳೂವರೆ ತಲೆ, ವೀರ ಆದರೆ ಎಂಟು, ತಮಾಷೆ ಪಾತ್ರಕ್ಕೆ ಎರಡೋ ಮೂರೋ. ನಾನು ಇದನ್ನು ಹೊರದೇಶದ ವಿದ್ಯೆ ಅಂದುಕೊಂಡು ನೋಟ್ಸ್ ಮಾಡಿಕೊಂಡಿದ್ದೆ. ವಿಗ್ರಹ ಕಡೆಯುವ ಒಬ್ಬ ಹಿರಿಯರು ನಮ್ಮ ಅಂಗಡಿಗೆ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದಾಗ ನೋಡಿ ನಕ್ಕರು. ಇದು ತಾಳ ಅಲ್ವೇನಯ್ಯ ಅಂದರು. ಮುಖದ ಉದ್ದ ಒಂದು ತಾಳ. ದೇವತೆಗಳಿಗೆ ನವತಾಳ, ದಶತಾಳ, ಗಣಪತಿಗೆ ಪಂಚತಾಳ. ಗೂಳೂರು ಗಣಪತಿ ನೋಡಿಕೊಂಡೇ ಬೆಳೆದ ನಾನು ಒಂದು ಸಲವೂ ತಲೆ ಎಣಿಸಿರಲಿಲ್ಲ. ಅವರೇ ಅರಳಗುಪ್ಪೆಗೆ ಹೋಗು ಅಂದರು. ತಿಪಟೂರು ತಾಲ್ಲೂಕೇ. ಅಲ್ಲಿನ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು, ನೊಳಂಬ ಅರಸರ ಕಾಲ. ಒಳಗೆ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ಇಂದ್ರನಿಗೆ ಆನೆ, ಅಗ್ನಿಗೆ ಟಗರು, ಯಮನಿಗೆ ಕೋಣ, ವರುಣನಿಗೆ ಮೊಸಳೆಯಂಥ ಮಕರ. ಮುಖ ನೋಡಿ ಗುರುತು ಹಿಡಿಯಬೇಕಿಲ್ಲ, ಏನನ್ನು ಏರಿದ್ದಾರೆ ಅಂತ ನೋಡಿದರೆ ಸಾಕು. ಮಬ್ಬು ಬೆಳಕು, ಕೆಳಗಡೆ ನಿಂತು ಕತ್ತೆತ್ತಿ ನೋಡುವ ಜನ, ಅವರಿಗೂ ಯಾರು ಯಾರು ಅಂತ ತಿಳಿಯಬೇಕು. ಇದು ಕ್ಯಾರೆಕ್ಟರ್ ಡಿಸೈನ್ ಅಲ್ಲದೆ ಇನ್ನೇನು? ಒಂದು ಗಂಟೆ ಕತ್ತೆತ್ತಿ ಸ್ಕೆಚ್ ಮಾಡಿದೆ, ಮೂರು ದಿನ ಕುತ್ತಿಗೆ ಹಿಡಿದುಕೊಂಡಿತ್ತು. ಆ ಸ್ಕೆಚ್ ಗುಂಪಿಗೆ ಹಾಕಿದಾಗ ಬಂದಷ್ಟು ಪ್ರಶ್ನೆ ಗಿಟುಕನಿಗೂ ಬಂದಿರಲಿಲ್ಲ.

ಆನ್‌ಲೈನ್ ಅಂದರೆ ಎಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಲೈಕ್ ಬರಲಿಲ್ಲ ಅಂತ ಚಿತ್ರ ಅಳಿಸಿ ಹಾಕುವವರಿದ್ದಾರೆ, ನಾನೂ ಅಳಿಸಿದ್ದೇನೆ. ಅರ್ಧ ಜನ ಒಂದೇ ಥರದ ದೊಡ್ಡ ಕಣ್ಣಿನ ಹುಡುಗಿಯನ್ನು, ಅದೂ ಒಂದೇ ಕಡೆ ತಿರುಗಿದ್ದನ್ನು ಬರೆಯುತ್ತಾರೆ. ಕೈ ಬರೆಯುವುದು ಕಷ್ಟ ನೋಡಿ, ಅದಕ್ಕೆ ಎಲ್ಲರ ಪಾತ್ರವೂ ಕೈ ಹಿಂದೆ ಕಟ್ಟಿಕೊಂಡು ಮೇಷ್ಟ್ರ ಹಾಗೆ ನಿಂತಿರುತ್ತದೆ.

ಕಳ್ಳತನ ಬೇರೆ. ಹೋದ ವರ್ಷ ಒಂದು ಎಣ್ಣೆ ಗಾಣದ ಬೋರ್ಡಿನ ಮೇಲೆ ನಮ್ಮ ಗಿಟುಕ ನಗುತ್ತಾ ನಿಂತಿದ್ದ, ಮೂಲೆಯಲ್ಲಿದ್ದ ನನ್ನ ಸಹಿ ಕತ್ತರಿಸಿ ಹೋಗಿತ್ತು. ಹೋಗಿ ಜಗಳ ಆಡೋಣ ಅಂತ ಗಾಡಿ ತೆಗೆದೆ. ದಾರಿಯಲ್ಲಿ ನೆನಪಾಯಿತು, ನಾನೂ 11 ವರ್ಷದಿಂದ ಗೂಗಲ್‌ನಲ್ಲಿ ಸಿಕ್ಕ ಹೂವು, ನವಿಲು, ಹನುಮಂತ ಎಲ್ಲವನ್ನೂ ಯಾರದು ಅಂತ ಕೇಳದೆ ಎತ್ತಿ ಫ್ಲೆಕ್ಸಿಗೆ ಹಾಕಿದವನು. ವಾಪಸ್ ಬಂದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬರೆದವರು ಬದುಕಿರುವವರೆಗೆ, ಆಮೇಲೆ 60 ವರ್ಷ ಹಕ್ಕು ಅವರದು, ನೋಂದಣಿ ಕೂಡ ಕಡ್ಡಾಯ ಅಲ್ಲ. ಈಗ ನಾನು ಕೇಳದೆ ಎತ್ತುವುದಿಲ್ಲ. ನಮ್ಮ ಮಾಲೀಕರು ಹಾಗಾದರೆ ಎಐಗೆ ಹೇಳು, ಅರ್ಧ ನಿಮಿಷದಲ್ಲಿ ಕೊಡುತ್ತೆ ಅಂತಾರೆ. ಅದು ಇನ್ನೊಂದು ಪತ್ರಕ್ಕೆ ಆಗುವಷ್ಟು ಕತೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮಕ್ಕಳ ಪುಟದಲ್ಲಿ ನೀವು ವಾರಕ್ಕೆ ಐದಾರು ಚಿತ್ರ ಹಾಕುತ್ತೀರಿ. ಹೆಸರು, ತರಗತಿ, ಶಾಲೆ, ಊರು ಹಾಕುತ್ತೀರಿ. ಸಂತೋಷ. ಜೊತೆಗೆ ಒಂದಾದರೂ ಚಿತ್ರದ ಕೆಳಗೆ, ಗೊತ್ತಿರುವ ಯಾರಿಂದಾದರೂ ಎರಡು ಸಾಲು ಬರೆಸಿ ಹಾಕಿ. ಹೊಳೆ ದೂರ ಹೋದಂತೆ ಸಣ್ಣದಾಗಬೇಕಿತ್ತು ಅಂತಲೋ, ಈ ಮರದ ಬಾಗು ಚೆನ್ನಾಗಿ ಬಂದಿದೆ, ಗರಿಗಳನ್ನು ಮಾತ್ರ ನಿಜವಾದ ಮರ ನೋಡಿ ಬರೆ ಅಂತಲೋ. ಬಯ್ಯುವುದು ಬೇಡ, ಹೊಗಳುವುದೂ ಬೇಡ, ತೋರಿಸಿದರೆ ಸಾಕು. ನಮ್ಮ ಜಿಲ್ಲೆಯ ಎಷ್ಟೋ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಆ ಮಕ್ಕಳಿಗೆ ನಿಮ್ಮ ಪುಟವೇ ಮೇಷ್ಟ್ರು. ಎಲ್ಲರ ಕೈಗೂ ಮೊಬೈಲ್ ಕೊಟ್ಟು ಆನ್‌ಲೈನ್ ಹೋಗಿ ಕಲಿಯಿರಿ ಅನ್ನಲು ನನಗೆ ಮನಸ್ಸಿಲ್ಲ, ಎಂಟನೇ ಕ್ಲಾಸಿನ ಹುಡುಗಿಗೆ ಅಲ್ಲಿ ಬರುವ ಮೆಸೇಜುಗಳು ಎಂಥವು ಅಂತ ಕಣ್ಣಾರೆ ನೋಡಿದ್ದೇನೆ.

ಆಗುವುದಾದರೆ ಇನ್ನೂ ಒಂದು. ತಿಂಗಳಿಗೊಮ್ಮೆ ನಿಮ್ಮದೇ ಪಾತ್ರ ಬರೆದು ಕಳಿಸಿ ಅಂತ ಕರೆಯಿರಿ. ಪರಿಸರ ಉಳಿಸಿ, ನೀರು ಉಳಿಸಿ ಅಂತ ಬರೆದು ಬರೆದು ಮಕ್ಕಳಿಗೆ ಸಾಕಾಗಿದೆ. ಮಧುಗಿರಿ ಬೆಟ್ಟ ಮಲಗಿ ಎದ್ದರೆ ಹೇಗಿರುತ್ತದೆ, ಹುಣಸೆ ತೋಪಿನ ಅಜ್ಜಿ ಹೇಗಿರುತ್ತಾಳೆ ಅಂತ ಕೇಳಿ ನೋಡಿ.

ಅಕ್ಕನ ಮಗಳ ಪ್ರಶ್ನೆಗೆ ಒಂದು ವಾರ ಬಿಟ್ಟು ಉತ್ತರ ಕೊಟ್ಟೆ. ನಿನ್ನ ಗುಡಿಸಲಿನಲ್ಲಿ ಯಾರಿದ್ದಾರೆ ಅಂತ ಕೇಳಿದೆ, ಅಷ್ಟೇ. ಅವಳು ಯೋಚನೆ ಮಾಡಿ, ಒಂದು ಮುದುಕಿ, ಅವಳಿಗೆ ಸೂರ್ಯ ಅಂದರೆ ಆಗಲ್ಲ, ಅದಕ್ಕೇ ಬಾಗಿಲು ಹಾಕಿದೆ ಅಂದಳು. ಈಗ ಆ ಮುದುಕಿಯನ್ನು ಬರೆದಿದ್ದಾಳೆ. ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಎಡಗೈ ಉದ್ದವಾಗಿದೆ, ಅದು ಅವಳಿಗೂ ಗೊತ್ತು, ಕೊಡೆ ಹಿಡಿದೂ ಹಿಡಿದೂ ಹಾಗಾಗಿದೆ ಅಂತಾಳೆ. ಹಿಡಿಸದಿದ್ದರೆ ಹಾಕಬೇಡಿ, ಆದರೆ ಯಾಕೆ ಅಂತ ಒಂದು ಸಾಲು ಬರೆದು ಕಳಿಸಿ. ಸ್ಟಾಂಪ್ ಹಚ್ಚಿದ ಕವರು ಒಳಗೇ ಇಟ್ಟಿದ್ದೇನೆ.

ಇಂತಿ,
ಒಬ್ಬ ಫ್ಲೆಕ್ಸ್ ಡಿಸೈನರ್, ತುಮಕೂರು