ವಿಷಯ: ಕೇಳದೆ ಉಜ್ಜಿ ಹಾಳು ಮಾಡಿದ 1889ರ ಬೆಳ್ಳಿ ಡಾಲರ್

ವ್ಯವಸ್ಥಾಪಕರಿಗೆ,

ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಸರ್ ಮೀಟಿಂಗ್‌ನಲ್ಲಿದ್ದಾರೆ" ಅಂದರು. ಅದಕ್ಕೇ ಈ ಪತ್ರ.

ಹರಾಜಿಗೆ ಅಂತ ನಿಮಗೆ ಕೊಟ್ಟದ್ದು ಮಾರ್ಗನ್ ಡಾಲರ್, ಅಮೆರಿಕದ ಹಳೇ ಬೆಳ್ಳಿ ನಾಣ್ಯ. ಹಿಂಬದಿಯ ಹದ್ದಿನ ಚಿತ್ರದ ಕೆಳಗೆ ಪುಟ್ಟದಾಗಿ ಎರಡು 'ಸಿ' ಇವೆ. ಅಂದರೆ ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆಯದು. ಆ ವರ್ಷ ಅಲ್ಲಿ ಅಚ್ಚಾದದ್ದು ಬರೀ 3,50,000. ನಮ್ಮಣ್ಣ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಗ ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡದ್ದು. ಅವನು ಹೋದ ಮೇಲೆ, ಮಗಳ ಓದಿಗೆ ಆಗಲಿ ಅಂತ ಅತ್ತಿಗೆ ನನ್ನ ಕೈಗೆ ಕೊಟ್ಟರು.

ನಾಣ್ಯವನ್ನು ಬಂದ ಹಾಗೇ ಇಡಬೇಕು ಅನ್ನುವುದು ನಿಮ್ಮದೇ ರಸೀದಿಯ ಹಿಂದಿರುವ ಆರನೇ ನಿಯಮ. ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹೋದ ಶನಿವಾರ ನಿಮ್ಮ ಹುಡುಗ ನಾಣ್ಯವನ್ನು ಹಸಿರು ಬಟ್ಟೆಯ ತಟ್ಟೆಯಲ್ಲಿಟ್ಟು ತಂದ. ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

"ನೋಡಿ ಅಂಕಲ್, ಹೊಸದರ ಥರ ಮಾಡಿದ್ದೀವಿ. ಇದಕ್ಕೆ ಜಾಸ್ತಿ ದುಡ್ಡೇನೂ ತಗೊಳ್ಳಲ್ಲ."

"ಉಜ್ಜೋಕೆ ಯಾರಪ್ಪಾ ಹೇಳಿದ್ದು?"

"ಕಪ್ಪಾಗಿತ್ತಲ್ಲಾ ಅಂಕಲ್."

ಆ ಕಪ್ಪು ಕೊಳೆಯಲ್ಲ. ಅಂಚಿನ ಸುತ್ತ ಜೇನಿನ ಬಣ್ಣ, ನಡುವೆ ಬೂದು. ಗಾಳಿಯ ಗಂಧಕ ವರ್ಷಗಟ್ಟಲೆ ಬೆಳ್ಳಿಗೆ ಹತ್ತಿ ತಾನಾಗೇ ಬಂದದ್ದು. ಹೀಗಂತ ಹೇಳುತ್ತಲೇ ಇದ್ದೆ. ಅವನು ಸೋಫಾದಲ್ಲಿ ಕೂತಿದ್ದವರ ಕಡೆ ತಿರುಗಿ, "ಇವರಿಗೆ ಹೊಳೆಯೋ ಬೆಳ್ಳಿ ಬೇಡವಂತೆ" ಅಂದ. ಅವರೂ ನಕ್ಕರು. ನಾನು ಟೋಕನ್ 14 ಹಿಡಿದುಕೊಂಡು ನಿಂತೇ ಇದ್ದೆ. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಆಮೇಲೆ ನಾಣ್ಯವನ್ನು ತಕ್ಕಡಿಗೆ ಹಾಕಿ, "26.7 ಗ್ರಾಂ ಇದೆ, ಏನೂ ಕಮ್ಮಿ ಆಗಿಲ್ಲ. ಬೇಕಾದ್ರೆ ಬೆಳ್ಳಿ ರೇಟಿಗೆ ನಾವೇ ತಗೋತೀವಿ" ಅಂದ.

ಬೆಳ್ಳಿ ರೇಟು! 1918ರಲ್ಲಿ ಪಿಟ್‌ಮನ್ ಕಾಯ್ದೆ ತಂದು ಅಮೆರಿಕದವರು ಇಂಥ 27 ಕೋಟಿ ಬೆಳ್ಳಿ ಡಾಲರ್ ನಾಣ್ಯ ಕರಗಿಸಿದರು. ಅದರಲ್ಲಿ ಹೆಚ್ಚಿನ ಬೆಳ್ಳಿಯನ್ನು ಬ್ರಿಟಿಷರು ಕೊಂಡದ್ದು ನಮ್ಮ ದೇಶದ ರೂಪಾಯಿಗೆ ಅಂತಲೇ. ನಾಣ್ಯದ ವ್ಯಾಪಾರ ಮಾಡುವ ನಿಮಗೆ ಇದು ಗೊತ್ತಿರಬೇಕು, ಅಲ್ವಾ? ಆ ಕುಲುಮೆಯಿಂದ ಉಳಿದುಕೊಂಡದ್ದು ನಿಮ್ಮ ಪಾಲಿಶ್ ಬಟ್ಟೆಯಿಂದ ಉಳಿಯಲಿಲ್ಲ.

ಮನೆಗೆ ಬಂದು ದೀಪದ ಕೆಳಗೆ ಓರೆಯಾಗಿ ಹಿಡಿದು ಲೆನ್ಸಿನಲ್ಲಿ ನೋಡಿದೆ. ನಾಣ್ಯದ ಮೇಲಿನ ಹೆಣ್ಣುಮುಖ, ಲಿಬರ್ಟಿಯ ಕೆನ್ನೆ ತುಂಬ ಕೂದಲೆಳೆಯಂಥ ಗೀರು. ಎರಡು 'ಸಿ'ಗಳ ಸಂದಿಯಲ್ಲಿ ಬಿಳಿ ಪುಡಿ ಹಾಗೇ ಕೂತಿದೆ. ಇನ್ನು ತಿಳಿದ ಸಂಗ್ರಾಹಕರು ಯಾರೂ ಇದಕ್ಕೆ ಹಳೇ ಬೆಲೆ ಕೊಡುವುದಿಲ್ಲ. ಅತ್ತಿಗೆಗೆ ಇದನ್ನು ಹೇಗೆ ಹೇಳಲಿ ಅಂತ ನನಗೆ ಇವತ್ತಿಗೂ ತೋಚಿಲ್ಲ.

ಉಜ್ಜಿದ್ದು ನೀವೇ ಅಂತ ಬರೆದು ಕೊಡಿ. ಕಳೆದುಹೋದ ಬೆಲೆ ಕಟ್ಟಿಕೊಡಿ. 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡುತ್ತೇನೆ. ಮುಂದಿನ ನಾಣ್ಯ ಮೇಳಕ್ಕೂ ಬರುತ್ತೇನೆ. ನಿಮಗೆ ಕೊಡುವ ಮುಂಚೆ ತೆಗೆದ ಫೋಟೋ ಒಂದು ಕೈಯಲ್ಲಿ, ಈ ನಾಣ್ಯ ಇನ್ನೊಂದು ಕೈಯಲ್ಲಿ. ನಿಮ್ಮ ಮಳಿಗೆಗೆ ಬರುವ ಒಬ್ಬೊಬ್ಬರಿಗೂ ತೋರಿಸುತ್ತೇನೆ.

ಇತಿ,
ನಿಮ್ಮ ಗ್ರಾಹಕ